ಕುರಿ ಸ್ನಾಯುವಲ್ಲಿ ಮಯೋಸ್ಟಾಟಿನ್ ಬ್ಯಾಂಡ್: 25ರಲ್ಲಿ ಬಂದಿದ್ದು ಯಾರು?

ಪ್ರಶ್ನೆ: "ಮೇಡಂ ನಮಸ್ತೆ. ನಾನು ಮಳವಳ್ಳಿ ಕಡೆಯವಳು, ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಎರಡನೇ ವರ್ಷ. ಬಂಡೂರು ಕುರಿ ಮತ್ತೆ ಬೇರೆ ತಳಿ ಕುರಿಗಳ ತೊಡೆ ಸ್ನಾಯುವಲ್ಲಿ ಮಯೋಸ್ಟಾಟಿನ್ ಎಷ್ಟಿದೆ ಅಂತ ವೆಸ್ಟರ್ನ್ ಬ್ಲಾಟಲ್ಲಿ ನೋಡೋದು ನನ್ನ ಕೆಲಸ. 38,000 ಕೊಟ್ಟು ಮೇಕೆಯಲ್ಲಿ ಮಾಡಿದ ಪಾಲಿಕ್ಲೋನಲ್ ಆಂಟಿಬಾಡಿ ತರಿಸಿದ್ವಿ, 100 ಮೈಕ್ರೋಗ್ರಾಂ. ಸೆಕೆಂಡರಿ ಕತ್ತೆದು, ಬ್ಲಾಕಿಂಗ್ ಹಾಲಿನ ಪುಡಿ, 10 ಪರ್ಸೆಂಟ್ ಜೆಲ್, ಸ್ಯಾಂಪಲ್ ಮಾಂಸದಂಗಡಿಯಿಂದ ತಂದು ಬೀಟಾ ಮರ್ಕ್ಯಾಪ್ಟೊಇಥನಾಲ್ ಹಾಕಿ ಕುದಿಸಿದ್ದು. 25 ಕಿಲೋಡಾಲ್ಟನ್‌ಗೆ ಒಂದು, 50ಕ್ಕೆ ಒಂದು, ಎರಡು ಬ್ಯಾಂಡ್ ಸಖತ್ತಾಗಿ ಬರ್ತಿದೆ, ಬಂಡೂರಲ್ಲಿ ಬೇರೆ ತಳಿಗಿಂತ ಕಮ್ಮಿ. ಗೈಡ್ ಸರ್ 25 ಮೆಚ್ಯೂರ್, 50 ಪ್ರಿಕರ್ಸರ್, ಪೇಪರ್ ಬರಿ ಅಂದ್ರು. ಅಷ್ಟರಲ್ಲಿ ಪಕ್ಕದ ಲ್ಯಾಬಿಂದ ಮೊಲದ ಆಂಟಿಬಾಡಿ ಸ್ವಲ್ಪ ಇಸ್ಕೊಂಡು ಹಾಕಿದೆ, ಅದಕ್ಕೆ ಮೇಕೆ ಸೆಕೆಂಡರಿ. 25ರಲ್ಲೂ ಇಲ್ಲ 50ರಲ್ಲೂ ಇಲ್ಲ, 40ರ ಹತ್ರ ಒಂದೇ ಬ್ಯಾಂಡ್. ಯಾವ ಆಂಟಿಬಾಡಿ ಸುಳ್ಳು ಹೇಳ್ತಿದೆ? ಆರು ತಿಂಗಳ ಕೆಲಸ ಹೋಯ್ತಾ? ಇನ್ನೊಂದು, ನಮ್ಮಣ್ಣ ಕುರಿ ಸಾಕಿದಾನೆ, ಈ ಆಂಟಿಬಾಡಿನ ಮರಿಗೆ ಚುಚ್ಚಿದ್ರೆ ಮಾಂಸ ಜಾಸ್ತಿ ಆಗುತ್ತಾ ಅಂತ ದಿನಾ ತಲೆ ತಿಂತಾನೆ."

ಉತ್ತರ:

ಮೊದಲು ಒಂದು ಥ್ಯಾಂಕ್ಸ್, ಸೆಕೆಂಡರಿ ಯಾವುದು, ಬಫರ್ ಯಾವುದು, ಬ್ಲಾಕಿಂಗ್ ಯಾವುದು, ಮಾಂಸ ಎಲ್ಲಿಂದ ತಂದಿದ್ದು, ಎಲ್ಲಾ ಬರೆದಿದೀರಿ. ತುಂಬಾ ಜನ "ಮೇಡಂ ಬ್ಯಾಂಡ್ ಸರಿ ಬರ್ತಿಲ್ಲ ಏನ್ ಮಾಡ್ಲಿ" ಅಂತ ಒಂದೇ ಲೈನ್ ಕಳಿಸಿಬಿಟ್ರೆ ನಾನು ಕಣಿ ಹೇಳೋಳಾಗ್ಬೇಕು ಅಷ್ಟೇ. ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರ ಇದೆ, ನೀವು ಗಮನಿಸಿಲ್ಲ. ಹೊಸಬರಿಗೆ ಒಂದು ಮಾತು: ವೆಸ್ಟರ್ನ್ ಬ್ಲಾಟ್ ಅಂದ್ರೆ ಪ್ರೋಟೀನ್‌ಗಳನ್ನ ಜೆಲ್ಲಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಮೆಂಬ್ರೇನಿಗೆ ಇಳಿಸಿ, ಖಾಲಿ ಜಾಗ ಮುಚ್ಚಿ (ಅದೇ ಬ್ಲಾಕಿಂಗ್), ಪ್ರೈಮರಿ ಆಂಟಿಬಾಡಿಯಿಂದ ಬೇಕಾದ ಪ್ರೋಟೀನ್ ಹಿಡಿದು, ಆ ಪ್ರೈಮರಿಯನ್ನ ಹಿಡಿಯೋ ಸೆಕೆಂಡರಿಯಿಂದ ಬ್ಯಾಂಡಾಗಿ ಕಾಣಿಸೋದು; 25, 50 ಅನ್ನೋದು ಕಿಲೋಡಾಲ್ಟನ್ ಲೆಕ್ಕದಲ್ಲಿ ಪ್ರೋಟೀನಿನ ತೂಕ.

ನಿಮ್ಮ ಚಿಂತೆ ನಂಗೆ ಅರ್ಥ ಆಗಿದ್ದು ಹೀಗೆ: ಎರಡು ಆಂಟಿಬಾಡಿ, ಎರಡು ಉತ್ತರ, ಒಂದು ನಿಜ ಆದ್ರೆ ಇನ್ನೊಂದು ಸುಳ್ಳಾಗಿರ್ಬೇಕು. ಅದು ಹಾಗಿಲ್ಲ. ನಂಗನ್ಸೋದು, ನಿಮ್ಮ ಮೇಕೆ ಆಂಟಿಬಾಡಿದು ತಪ್ಪೇ ಇಲ್ಲದೆ ಇರಬಹುದು, ಆ 25 ಮತ್ತೆ 50ನ್ನ ಮುಟ್ಟಿರೋದು ನಿಮ್ಮ ಸೆಕೆಂಡರಿ. ಅಂದ್ರೆ ನೀವು ಆರು ತಿಂಗಳು ಅಳೆದಿರೋದು ಮಯೋಸ್ಟಾಟಿನ್ ಅಲ್ಲ, ಕುರಿ ಮಾಂಸದಲ್ಲಿ ಉಳಿದಿದ್ದ ರಕ್ತದ ಇಮ್ಯುನೊಗ್ಲಾಬ್ಯುಲಿನ್, ಅಂದ್ರೆ ಕುರಿಯ ಸ್ವಂತ ಆಂಟಿಬಾಡಿ. ಬೇಜಾರಾಗ್ಬೇಡಿ, ಯಾಕೆ ಅಂತ ಹೇಳ್ತೀನಿ.

ಈ ಪ್ರೋಟೀನಿನ ಮೈಕಟ್ಟು ಸ್ವಲ್ಪ ನೋಡಿ. ಮಯೋಸ್ಟಾಟಿನ್, ಇನ್ನೊಂದು ಹೆಸರು ಜಿಡಿಎಫ್-8, ಅಮೆರಿಕದ ಜಾನ್ಸ್ ಹಾಪ್ಕಿನ್ಸಲ್ಲಿ ಸೆ-ಜಿನ್ ಲೀ, ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಇವರೆಲ್ಲ 1997ರಲ್ಲಿ ತೋರಿಸಿದ್ದು, ಈ ಜೀನ್ ತೆಗೆದುಹಾಕಿದ ಇಲಿಯಲ್ಲಿ ಒಂದೊಂದು ಸ್ನಾಯು ಎರಡ್ಮೂರು ಪಟ್ಟು ಬೆಳೆದಿತ್ತು. ಸ್ನಾಯು ಬೆಳವಣಿಗೆಗೆ ಬ್ರೇಕ್ ಇದು. ಮೊದಲು 375 ಅಮೈನೋ ಆಸಿಡ್‌ನ ಉದ್ದ ಪ್ರಿಕರ್ಸರಾಗಿ ತಯಾರಾಗುತ್ತೆ, ಜೆಲ್ಲಲ್ಲಿ 50ರ ಆಸುಪಾಸು ಓಡುತ್ತೆ. ಆಮೇಲೆ ಫ್ಯೂರಿನ್ ಅನ್ನೋ ಕಿಣ್ವ ಅದನ್ನ ಕತ್ತರಿಸುತ್ತೆ. ಮುಂದಿನ ತುಂಡು ಪ್ರೊಪೆಪ್ಟೈಡ್, ಅದಕ್ಕೆ ಸಕ್ಕರೆ ಅಂಟಿರೋದ್ರಿಂದ ಲೆಕ್ಕಕ್ಕಿಂತ ಮೇಲೆ, 40ರ ಹತ್ರಹತ್ರ ಕಾಣಿಸ್ಕೊಳ್ಳುತ್ತೆ. ಹಿಂದಿನ ತುಂಡು 109 ಅಮೈನೋ ಆಸಿಡ್‌ದು, ಅದೇ ಮೆಚ್ಯೂರ್, ಕೆಲಸ ಮಾಡೋದು ಅದು, ಒಂದೊಂದು ಸುಮಾರು 12.5 ಕಿಲೋಡಾಲ್ಟನ್, ಎರಡು ಸೇರಿ ಡೈಸಲ್ಫೈಡ್ ಬಾಂಡಲ್ಲಿ ಗಂಟು ಹಾಕ್ಕೊಂಡು 25 ಆಗುತ್ತೆ.

ಈ ಗಂಟೇ ಇಲ್ಲಿ ಮುಖ್ಯ. ಬೀಟಾ ಮರ್ಕ್ಯಾಪ್ಟೊಇಥನಾಲ್ ಹಾಕೋದೇ ಡೈಸಲ್ಫೈಡ್ ಬಿಚ್ಚೋಕೆ. ನೀವು ಅದನ್ನ ಹಾಕಿ ಕುದಿಸಿದ ಮೇಲೆ ಮೆಚ್ಯೂರ್ ಮಯೋಸ್ಟಾಟಿನ್ 12.5ಕ್ಕೆ ಇಳಿಬೇಕು, 25ರಲ್ಲಿ ಜೋಡಿಯಾಗಿ ಕೂತಿರೋಕೆ ಆಗಲ್ಲ. ಹಾಗಾದ್ರೆ 25ರಲ್ಲಿ ಇರೋದು ಯಾರು? ಹೀಗೆ ಡೈಸಲ್ಫೈಡ್ ಬಿಚ್ಚಿದಾಗ, ಅಂದ್ರೆ ರಿಡ್ಯೂಸ್ ಮಾಡಿದಾಗ, 50ಕ್ಕೊಂದು 25ಕ್ಕೊಂದು ಅಂತ ಜೋಡಿಯಾಗಿ ಒಡೆಯೋ ಪ್ರೋಟೀನ್ ಯಾವುದು ಅಂತ ಎಂಎಸ್ಸಿ ಇಮ್ಯುನಾಲಜಿ ಓದಿರೋ ಯಾರನ್ನ ಕೇಳಿದ್ರೂ ನಿದ್ದೆಗಣ್ಣಲ್ಲೇ ಹೇಳ್ತಾರೆ. ಐಜಿಜಿ. ಅದೇ ಆ ಇಮ್ಯುನೊಗ್ಲಾಬ್ಯುಲಿನ್; ಅದರ ಹೆವಿ ಚೈನ್ 50, ಲೈಟ್ ಚೈನ್ 25.

ಈಗ ಸೆಕೆಂಡರಿಗೆ ಬನ್ನಿ. ಕತ್ತೆಗೆ ಮೇಕೆ ಐಜಿಜಿ ಚುಚ್ಚಿ ತೆಗೆದ ಆಂಟಿಬಾಡಿ ಅದು. ಮೇಕೆ ಐಜಿಜಿಗೂ ಕುರಿ ಐಜಿಜಿಗೂ ವ್ಯತ್ಯಾಸ ತುಂಬಾ ಕಮ್ಮಿ, ನಮ್ಮೂರ ಕಡೆ ಆಡು-ಕುರಿ ಅಂತ ಒಟ್ಟಿಗೇ ಹೇಳ್ತೀವಲ್ಲ, ಕತ್ತೆಯ ಇಮ್ಯೂನ್ ಸಿಸ್ಟಮ್ಮೂ ಅದನ್ನೇ ಹೇಳುತ್ತೆ. ಹಸುವಿನ ಐಜಿಜಿಯನ್ನೂ ಒಂದಿಷ್ಟು ಹಿಡಿಯುತ್ತೆ, ಅದಕ್ಕೇ ಇಂಥ ಸೆಕೆಂಡರಿ ಜೊತೆ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡ್ಬಾರ್ದು, ಹಾಲಲ್ಲಿ ಹಸುವಿನ ಇಮ್ಯುನೊಗ್ಲಾಬ್ಯುಲಿನ್ ಇರುತ್ತೆ, ಮೆಂಬ್ರೇನ್ ಪೂರ್ತಿ ಮಬ್ಬು ಹಿಡಿಯುತ್ತೆ, ಜೊತೆಗೆ ಸೆಕೆಂಡರಿನೂ ಅಲ್ಲೇ ಖರ್ಚಾಗಿಹೋಗುತ್ತೆ. ಕಮ್ಮಿ ದರ್ಜೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಆದ್ರೂ ಇದೇ ತೊಂದರೆ ಬರಬಹುದು. ನಿಮ್ಮ ಸ್ನಾಯು ಸ್ಯಾಂಪಲಲ್ಲಿ ಕುರಿ ರಕ್ತ ಉಳಿದಿದೆ, ರಕ್ತದಲ್ಲಿ ಐಜಿಜಿ ಮಿಲಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತೆ, ಮಯೋಸ್ಟಾಟಿನ್ ಇರೋದು ನ್ಯಾನೋಗ್ರಾಂ ಲೆಕ್ಕದಲ್ಲಿ. ಲಕ್ಷಾಂತರ ಪಟ್ಟು ವ್ಯತ್ಯಾಸ. ಜಾತ್ರೆಯಲ್ಲಿ ಡೊಳ್ಳು ಬಡೀತಿರೋ ಪಕ್ಕ ನಿಂತು ಪಿಸುಮಾತು ಕೇಳಿಸ್ಕೊಂಡೆ ಅಂದ ಹಾಗೆ.

ಮೊಲದ ಆಂಟಿಬಾಡಿ ಹಾಕಿದಾಗ ಎರಡೂ ಬ್ಯಾಂಡ್ ಮಾಯ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ. ಆಗ ನಿಮ್ಮ ಸೆಕೆಂಡರಿ ಮೇಕೆಯಲ್ಲಿ ಮಾಡಿದ್ದು. ಮೇಕೆಗೆ ಕುರಿ ಐಜಿಜಿ ಹೆಚ್ಚುಕಮ್ಮಿ ತನ್ನದೇ ಥರ, ಅದರ ಮೇಲೆ ಅಷ್ಟಾಗಿ ಆಂಟಿಬಾಡಿ ಮಾಡಿರಲ್ಲ. ಸೆಕೆಂಡರಿ ಬದಲಾಯ್ತು, ಬ್ಯಾಂಡ್ ಹೋಯ್ತು.

ಬಂಡೂರಲ್ಲಿ ಕಮ್ಮಿ ಬಂದಿದ್ದೂ ಅಷ್ಟೇ, ಬೇರೆ ಅಂಗಡಿ, ಬೇರೆ ದಿನ, ಕುಯ್ದಾಗ ರಕ್ತ ಎಷ್ಟು ಬಸಿದುಹೋಯ್ತು, ಎಷ್ಟು ತೊಳೆದ್ರು, ಅದರ ಮೇಲೆ ಉಳಿದಿರೋ ಐಜಿಜಿ ಏರುಪೇರಾಗುತ್ತೆ. ಅದನ್ನ ತಳಿ ಗುಣ ಅಂತ ಬರೆದುಬಿಟ್ರೆ ಯಾವನೋ ಒಬ್ಬ ರಿವ್ಯೂವರ್ ಖಂಡಿತ ಹಿಡೀತಾನೆ, ಹಿಡೀದೆ ಹೋದ್ರೆ ಇನ್ನೂ ಕಷ್ಟ.

ಇದನ್ನೆಲ್ಲ ನಾನು ಹೇಳ್ದೆ ಅಂತ ನಂಬ್ಬೇಡಿ, ಒಂದೇ ದಿನದಲ್ಲಿ ನೀವೇ ನೋಡ್ಕೋಬಹುದು. ಅದೇ ಸ್ಯಾಂಪಲ್, ಅದೇ ಜೆಲ್, ಪ್ರೈಮರಿ ಹಾಕ್ಲೇಬೇಡಿ, ಬರೀ ಬ್ಲಾಕಿಂಗ್ ಬಫರಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಕತ್ತೆ ಸೆಕೆಂಡರಿ ಒಂದನ್ನೇ ಹಾಕಿ. 25, 50 ಎರಡೂ ಬಂದ್ರೆ ಕಥೆ ಮುಗೀತು. ಇನ್ನೊಂದು ಬ್ಲಾಟಲ್ಲಿ, ಪ್ರೈಮರಿ ಸಮೇತ, ಎರಡು ಲೇನಲ್ಲಿ ಅದೇ ಸ್ಯಾಂಪಲನ್ನ ಒಂದು ರಿಡ್ಯೂಸ್ ಮಾಡಿ, ಒಂದು ಮಾಡದೆ ಓಡಿಸಿ, ಮಧ್ಯೆ ಒಂದು ಲೇನ್ ಖಾಲಿ ಬಿಡಿ, ಇಲ್ಲಾಂದ್ರೆ ಮರ್ಕ್ಯಾಪ್ಟೊಇಥನಾಲ್ ಪಕ್ಕಕ್ಕೆ ಹರಿದು ಅದನ್ನೂ ಬಿಚ್ಚಿಬಿಡುತ್ತೆ. ಐಜಿಜಿ ಆಗಿದ್ರೆ ರಿಡ್ಯೂಸ್ ಮಾಡದ ಲೇನಲ್ಲಿ ಎರಡೂ ಸೇರಿ 150ರ ಹತ್ರ ಮೇಲಕ್ಕೆ ಹೋಗುತ್ತೆ. ಮಯೋಸ್ಟಾಟಿನ್ ಆಗಿದ್ರೆ ಉಲ್ಟಾ, ರಿಡ್ಯೂಸ್ ಮಾಡದ ಲೇನಲ್ಲೇ 25, ಮಾಡಿದ ಲೇನಲ್ಲಿ 25 ಇರಲ್ಲ, 12.5ಕ್ಕೆ ಇಳಿದಿರುತ್ತೆ.

ನಾನೂ ಇದರಲ್ಲಿ ಬಿದ್ದು ಎದ್ದೋಳೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೊಂದು ಪ್ರೋಟೀನಿಗೆ ಕಡ್ಡಿ ಇಟ್ಟಂಗೆ ನೆಟ್ಟಗೆ ಬ್ಯಾಂಡ್ ಬಂತು, ಪೋಸ್ಟರ್ ಮಾಡಿ ನಿಲ್ಲಿಸಿದ್ದೆ. ಒಬ್ರು ವಯಸ್ಸಾದ ಪ್ರೊಫೆಸರ್ ಕನ್ನಡಕ ಏರಿಸ್ಕೊಂಡು ನೋಡಿ "ಪ್ರೈಮರಿ ಇಲ್ದೆ ಹಾಕಿದ್ದೀಯೇನಮ್ಮ?" ಅಂದ್ರು. ಇಲ್ಲ ಸರ್ ಅಂದೆ. ಅವರು ಮುಂದಿನ ಪೋಸ್ಟರಿಗೆ ಹೋದ್ರು, ಒಂದು ಮಾತೂ ಆಡ್ಲಿಲ್ಲ. ವಾಪಸ್ ಬಂದು ಹಾಕಿ ನೋಡಿದ್ರೆ ಅದೇ ಬ್ಯಾಂಡ್, ಇನ್ನೂ ಸ್ವಲ್ಪ ದಪ್ಪಗೆ.

ಮೆಚ್ಯೂರ್ ತುಂಡು ಎಲ್ಲಿ ಹೋಯ್ತು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. 10 ಪರ್ಸೆಂಟ್ ಜೆಲ್ಲಲ್ಲಿ 12.5 ಅನ್ನೋದು ಡೈ ಜೊತೆನೇ ಓಡಿಹೋಗಿರುತ್ತೆ. 15 ಪರ್ಸೆಂಟ್ ಇಲ್ಲಾ ಟ್ರೈಸಿನ್ ಜೆಲ್ ಬೇಕು. ಮೆಂಬ್ರೇನ್ 0.45 ಮೈಕ್ರಾನ್ ಆಗಿದ್ರೆ ಇಷ್ಟು ಚಿಕ್ಕದು ತೂರಿ ಆಕಡೆ ಹೋಗುತ್ತೆ, 0.2ದು ತಗೊಳ್ಳಿ, ಟ್ರಾನ್ಸ್‌ಫರ್ ಟೈಮ್ ಕಮ್ಮಿ ಮಾಡಿ. ಇಷ್ಟೆಲ್ಲ ಮಾಡಿದ್ರೂ ಸ್ನಾಯುವಿನ ಪೂರ್ತಿ ಲೈಸೇಟಲ್ಲಿ (ಅರೆದು ತೆಗೆದ ದ್ರವದಲ್ಲಿ) ಅದು ಕಾಣದೇ ಹೋಗಬಹುದು, ಯಾಕಂದ್ರೆ ಲೇನ್ ತುಂಬಾ ಆಕ್ಟಿನ್ನು ಮಯೋಸಿನ್ನೇ ತುಂಬ್ಕೊಂಡಿರುತ್ತೆ.

ಸರಿ, ಮೊಲದ ಆಂಟಿಬಾಡಿಯ 40. ಇದನ್ನ ನಾನು ಅಷ್ಟು ಬೇಗ ತಳ್ಳಿಹಾಕಲ್ಲ, ಒಪ್ಪೋದೂ ಇಲ್ಲ. ಡೇಟಾಶೀಟಲ್ಲಿ ಇಮ್ಯುನೋಜೆನ್ ಅನ್ನೋ ಸಾಲು, ಅಂದ್ರೆ ಪ್ರಾಣಿಗೆ ಚುಚ್ಚಿದ್ದು ಏನು ಅನ್ನೋದು ನೋಡಿ, ಮುಂದಿನ ಭಾಗದ ಪೆಪ್ಟೈಡ್ ಅಂತಿದ್ರೆ ಅದು ಪ್ರೊಪೆಪ್ಟೈಡನ್ನ ಹಿಡಿಯೋದು, 40ರ ಹತ್ರ ಬರೋದು ನ್ಯಾಯವೇ. ಆದ್ರೆ ಸ್ನಾಯುವಲ್ಲಿ 42-43ರಲ್ಲಿ ಆಕ್ಟಿನ್ ಇದೆ, ಕ್ರಿಯಾಟಿನ್ ಕೈನೇಸ್ ಇದೆ, ಎರಡೂ ರಾಶಿರಾಶಿ, ಯಾವ ಆಂಟಿಬಾಡಿ ಬೇಕಾದ್ರೂ ಜಾರಿ ಅಲ್ಲಿ ಹೋಗಿ ಅಂಟ್ಕೊಳ್ಳುತ್ತೆ. ಬೇರೆ ಮಾಡೋದು ಸುಲಭ: ಪಿಎನ್‌ಜಿಯೇಸ್ ಎಫ್ ಅನ್ನೋ ಕಿಣ್ವ ಹಾಕಿ ಸಕ್ಕರೆ ಕತ್ತರಿಸಿ. ಪ್ರೊಪೆಪ್ಟೈಡ್ ಆಗಿದ್ರೆ ಬ್ಯಾಂಡ್ ಸ್ವಲ್ಪ ಕೆಳಗೆ ಇಳಿಯುತ್ತೆ, ಆಕ್ಟಿನ್ ಆಗಿದ್ರೆ ಕೂತ ಜಾಗ ಬಿಟ್ಟು ಅಲ್ಲಾಡಲ್ಲ. ಇಳಿದ ಮಾತ್ರಕ್ಕೆ ಮಯೋಸ್ಟಾಟಿನ್ನೇ ಅಂತ ಸಾಬೀತಾಗಲ್ಲ, ಸಕ್ಕರೆ ಇರೋ ಪ್ರೋಟೀನ್ ಬೇಕಾದಷ್ಟಿವೆ, ಆದ್ರೆ ಇಳೀದೇ ಹೋದ್ರೆ ಆಸೆ ಬಿಡಬಹುದು.

ಈ ಪ್ರೋಟೀನಿಗೇ ಯಾಕೆ ಇಷ್ಟು ಗೋಳು ಅಂದ್ರೆ ಎರಡು ಕಾರಣ. ಮೆಚ್ಯೂರ್ ತುಂಡು ಮನುಷ್ಯ, ಇಲಿ, ಹಂದಿ, ಕೋಳಿ, ಟರ್ಕಿ ಎಲ್ಲದ್ರಲ್ಲೂ ಅಕ್ಷರ ಬದಲಾಗದೆ ಒಂದೇ, ಹಸು-ಕುರಿಯಲ್ಲಿ ಎರಡ್ಮೂರು ಅಮೈನೋ ಆಸಿಡ್ ಬೇರೆ ಅಷ್ಟೇ. ತನ್ನ ಮೈಯಲ್ಲೇ ಇರೋ ಪ್ರೋಟೀನನ್ನ ಚುಚ್ಚಿದ್ರೆ ಯಾವ ಪ್ರಾಣಿ ತಾನೇ ಜೋರಾಗಿ ಆಂಟಿಬಾಡಿ ಮಾಡುತ್ತೆ? ಒಳ್ಳೆ ಆಂಟಿಬಾಡಿ ಬೇಕು ಅನ್ನೋರು ಮಯೋಸ್ಟಾಟಿನ್ ಇಲ್ಲದ ನಾಕ್‌ಔಟ್ ಇಲಿಗೆ ಚುಚ್ಚಿ ತೆಗೀತಾರೆ, ಇಲ್ಲಾ ಪ್ರಾಣಿ ಗೊಡವೆನೇ ಬೇಡ ಅಂತ ಫೇಜ್ ಡಿಸ್ಪ್ಲೇಯಲ್ಲಿ, ಅಂದ್ರೆ ವೈರಸ್ ಮೇಲೆ ಕೂರಿಸಿದ ಆಂಟಿಬಾಡಿ ತುಂಡುಗಳ ರಾಶಿಯಲ್ಲಿ, ಹುಡುಕ್ತಾರೆ. ಎರಡನೇದು ಜಿಡಿಎಫ್-11, ಇದರ ಅಣ್ಣನೋ ತಮ್ಮನೋ, ಮೆಚ್ಯೂರ್ ಭಾಗದಲ್ಲಿ 90 ಪರ್ಸೆಂಟ್ ಒಂದೇ ಥರ. ಮೆಚ್ಯೂರ್ ತುಂಡಿಗೆ ಮಾಡಿದ ಎಷ್ಟೋ ಆಂಟಿಬಾಡಿಗೆ ಇಬ್ಬರ ಮಧ್ಯೆ ಗುರುತೇ ಸಿಗಲ್ಲ.

ಇದರಲ್ಲಿ ನಿಮಗಿಂತ ನನಗಿಂತ ದೊಡ್ಡೋರೂ ಮುಗ್ಗರಿಸಿದಾರೆ. 2013ರಲ್ಲಿ ಹಾರ್ವರ್ಡ್‌ನ ಗುಂಪೊಂದು ವಯಸ್ಸಾದ ಹಾಗೆ ಇಲಿ ರಕ್ತದಲ್ಲಿ ಜಿಡಿಎಫ್-11 ಕಮ್ಮಿ ಆಗುತ್ತೆ, ವಾಪಸ್ ಕೊಟ್ರೆ ದಪ್ಪಗಾದ ಹೃದಯ ಸುಧಾರಿಸುತ್ತೆ ಅಂತ ಪೇಪರ್ ಮಾಡ್ತು, ದೊಡ್ಡ ಸುದ್ದಿ. 2015ರಲ್ಲಿ ನೋವಾರ್ಟಿಸ್ ಕಡೆಯವರು, ನೀವು ಅಳೆಯೋಕೆ ಬಳಸಿದ್ದು ಮಯೋಸ್ಟಾಟಿನನ್ನೂ ಹಿಡಿಯುತ್ತೆ, ಎರಡರ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ ಅಂತ ತೋರಿಸಿದ್ರು. ಅದಕ್ಕೆ ಹಾರ್ವರ್ಡ್ ಕಡೆಯವರು ತಿರುಗಿ ಕೊಟ್ಟ ಉತ್ತರ ಏನು ಗೊತ್ತಾ, ನೀವು ತೋರಿಸಿದ 25ರ ಬ್ಯಾಂಡಲ್ಲಿ ಇರೋದು ಇಮ್ಯುನೊಗ್ಲಾಬ್ಯುಲಿನ್ ಲೈಟ್ ಚೈನ್ ಅಂತ! ಈಗ ನಿಮ್ಮ ಮೆಂಬ್ರೇನ್ ತೆಗೆದು ಇನ್ನೊಂದ್ಸಲ ನೋಡಿ.

ಹಾಗಾದ್ರೆ ಮುಂದೆ ಏನು ಮಾಡಬಹುದು. ಖರ್ಚು ಕಮ್ಮಿ ಅಂದ್ರೆ ಇರೋ ಆಂಟಿಬಾಡಿನೇ ಉಳಿಸ್ಕೊಳ್ಳೋದು. ಮೇಕೆ ಪ್ರೈಮರಿಗೆ ನೇರವಾಗಿ ಬಯೋಟಿನ್ ಇಲ್ಲಾ ಎಚ್‌ಆರ್‌ಪಿ (ಬ್ಯಾಂಡ್ ಕಾಣಿಸೋಕೆ ಹಾಕೋ ಲೇಬಲ್‌ಗಳು) ಜೋಡಿಸೋ ಕಿಟ್ ಸಿಗುತ್ತೆ, ಆಗ ಕತ್ತೆ ಸೆಕೆಂಡರಿನೇ ಬೇಡ. ಆದ್ರೆ 100 ಮೈಕ್ರೋಗ್ರಾಂನಲ್ಲಿ ಎಷ್ಟು ಉಳಿದಿದೆಯೋ ಅದರಲ್ಲಿ ಒಂದಿಷ್ಟು ಜೋಡಿಸುವಾಗಲೇ ಹೋಗುತ್ತೆ, ಬಿಎಸ್‌ಎ ಬೆರೆಸಿದ ಬಾಟಲ್ ಆಗಿದ್ರೆ ಲೇಬಲ್ ಪೂರ್ತಿ ಬಿಎಸ್‌ಎಗೇ ಅಂಟುತ್ತೆ, ಹಾಗಾಗಿ ಮೊದಲು ಅದನ್ನ ಓದಿ. ಬಯೋಟಿನ್ ಆದ್ರೆ ಇನ್ನೊಂದು ಕೊಕ್ಕೆ, ಸ್ನಾಯುವಲ್ಲೇ ಬಯೋಟಿನ್ ಇರೋ ಕಿಣ್ವಗಳಿವೆ, 75ರ ಹತ್ರ ಮತ್ತೆ ಅದಕ್ಕಿಂತ ಮೇಲೆ ಬ್ಯಾಂಡ್ ಬಂದ್ರೆ ಗಾಬರಿ ಆಗ್ಬೇಡಿ.

ಇಲ್ಲಾಂದ್ರೆ ಆಂಟಿಬಾಡಿ ಬದಲಾಯಿಸೋದು. ಮೊಲದ ರಿಕಾಂಬಿನೆಂಟ್ ಮಾನೋಕ್ಲೋನಲ್ (ಜೀನಿಂದ ಲ್ಯಾಬಲ್ಲೇ ತಯಾರಿಸೋ ಒಂದೇ ಥರದ ಆಂಟಿಬಾಡಿ) ಸಿಕ್ಕಿದ್ರೆ ತಗೊಳ್ಳಿ, ಪ್ರತಿ ಬ್ಯಾಚೂ ಒಂದೇ ಥರ ಇರುತ್ತೆ, ಪಾಲಿಕ್ಲೋನಲ್ ಅಂದ್ರೆ ಆ ಪ್ರಾಣಿ ಹೋದ ದಿನ ಆ ಆಂಟಿಬಾಡಿನೂ ಹೋಯ್ತು. ಸೆಕೆಂಡರಿ ಕುರಿ ಮತ್ತು ಹಸು ಐಜಿಜಿಗೆ ಕ್ರಾಸ್ ಅಡ್ಸಾರ್ಬ್ ಮಾಡಿದ್ದೇ, ಅಂದ್ರೆ ಅವಕ್ಕೆ ಅಂಟೋದನ್ನ ಮೊದಲೇ ತೆಗೆದುಹಾಕಿದ್ದೇ, ಕೇಳಿ ತಗೊಳ್ಳಿ. ಪ್ರೊಪೆಪ್ಟೈಡ್ ಕಡೆಯ ಆಂಟಿಬಾಡಿ ಆದ್ರೆ ಜಿಡಿಎಫ್-11 ಕಾಟ ಕಮ್ಮಿ, ಆ ಭಾಗದಲ್ಲಿ ಇಬ್ಬರಿಗೂ ಹೋಲಿಕೆ ಅಷ್ಟಿಲ್ಲ, ಆದ್ರೆ ಅದೇ ಕಾರಣಕ್ಕೆ ತಳಿ-ಜಾತಿ ವ್ಯತ್ಯಾಸನೂ ಅಲ್ಲಿ ಜಾಸ್ತಿ, ಮನುಷ್ಯನ ಪೆಪ್ಟೈಡಿಗೆ ಮಾಡಿದ್ದು ಕುರಿದನ್ನ ಹಿಡಿಯದೇ ಇರಬಹುದು, ಯುನಿಪ್ರಾಟ್ ಅನ್ನೋ ಪ್ರೋಟೀನ್ ಡೇಟಾಬೇಸಿಂದ ಎರಡೂ ಸೀಕ್ವೆನ್ಸ್ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು ಮಾತು, ಪ್ರೊಪೆಪ್ಟೈಡ್ ಅಳೆದ್ರೆ ಮಯೋಸ್ಟಾಟಿನ್ ಎಷ್ಟು ತಯಾರಾಗಿದೆ ಅಂತ ಗೊತ್ತಾಗುತ್ತೆ, ಎಷ್ಟು ಕೆಲಸ ಮಾಡ್ತಿದೆ ಅಂತ ಗೊತ್ತಾಗಲ್ಲ. ಕತ್ತರಿಸಿದ ಮೇಲೂ ಪ್ರೊಪೆಪ್ಟೈಡು ಮೆಚ್ಯೂರನ್ನ ತಬ್ಬಿಕೊಂಡೇ ಇರುತ್ತೆ, ಅದನ್ನ ಇನ್ನೊಂದು ಕಿಣ್ವ ಬಂದು ಕಡಿದ ಮೇಲೇ ಬಿಡುಗಡೆ.

ಯಾವುದೇ ತಗೊಂಡ್ರೂ ಒಂದು ಲೇನಲ್ಲಿ ರಿಕಾಂಬಿನೆಂಟ್ ಮಯೋಸ್ಟಾಟಿನ್, ಪಕ್ಕದಲ್ಲಿ ಜಿಡಿಎಫ್-11, ತಲಾ 10 ನ್ಯಾನೋಗ್ರಾಂ ಹಾಕ್ಲೇಬೇಕು. ಇದಕ್ಕೆ ದುಡ್ಡಿಲ್ಲ ಅಂತ ಗೈಡ್ ಅಂದ್ರೆ ಮೂರನೇ ಆಂಟಿಬಾಡಿ ತರಿಸೋ ದುಡ್ಡಲ್ಲಿ ಇದನ್ನ ತರಿಸಿ ಅಂತ ಮೆತ್ತಗೆ ಹೇಳಿ. ನಾಕ್‌ಔಟ್ ಕುರಿ ನಿಮಗೆ ಸಿಗಲ್ಲ, ಅದರ ಬದಲು ಕುರಿ ಮಯೋಸ್ಟಾಟಿನ್ ಜೀನ್ ಹಾಕಿದ ಎಚ್‌ಇಕೆ ಸೆಲ್ (ಲ್ಯಾಬಲ್ಲಿ ಬೆಳೆಸೋ ಮನುಷ್ಯನ ಕೋಶ) ಮತ್ತೆ ಖಾಲಿ ಪ್ಲಾಸ್ಮಿಡ್ ಹಾಕಿದ ಸೆಲ್, ಎರಡನ್ನೂ ಓಡಿಸಿ.

ಎಲೈಸಾ ಕಿಟ್ (ಆಂಟಿಬಾಡಿಯಿಂದ ಪ್ರೋಟೀನ್ ಎಷ್ಟಿದೆ ಅಂತ ಅಳೆಯೋದು) ತರಿಸೋಣ ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ. ಡಬ್ಬಿ ಮೇಲೆ ಕುರಿ ಚಿತ್ರ ಇದ್ದಾಕ್ಷಣ ಅದು ಕುರಿಯಲ್ಲಿ ಕೆಲಸ ಮಾಡುತ್ತೆ ಅಂತಲ್ಲ. ಸ್ಯಾಂಪಲನ್ನ ಮೊದಲು ಆಸಿಡಲ್ಲಿ ಇಟ್ಟು ಪ್ರೊಪೆಪ್ಟೈಡಿಂದ ಬಿಡಿಸಿ ಆಮೇಲೆ ನ್ಯೂಟ್ರಲ್ ಮಾಡೋ ಹೆಜ್ಜೆ ಪ್ರೋಟೊಕಾಲಲ್ಲಿ ಇದೆಯಾ ನೋಡಿ, ಗೊತ್ತಿರೋಷ್ಟು ಮಯೋಸ್ಟಾಟಿನ್ ಬೆರೆಸಿ ಅದು ವಾಪಸ್ ಸಿಗುತ್ತಾ ನೋಡಿ, ಎರಡು ಪಟ್ಟು ತೆಳು ಮಾಡಿದ್ರೆ ಅರ್ಧ ಬರುತ್ತಾ ನೋಡಿ. ಇದರಲ್ಲಿ ಫೇಲಾದ್ರೆ ಮೀಟರ್ ಕೊಡೋ ನಂಬರ್‌ಗೆ ಬೆಲೆ ಇಲ್ಲ.

ನಂಗೆ ಮನಸಿರೋದು ಮಾಸ್ ಸ್ಪೆಕ್ ಕಡೆ, ಅಂದ್ರೆ ಪ್ರೋಟೀನ್ ತುಂಡುಗಳನ್ನ ತೂಕದಿಂದ ಗುರುತಿಸೋ ಮೆಷಿನ್ ಕಡೆ. ಮಯೋಸ್ಟಾಟಿನ್ ಮತ್ತೆ ಜಿಡಿಎಫ್-11ರಲ್ಲಿ ಬೇರೆ ಬೇರೆ ಇರೋ ಪೆಪ್ಟೈಡನ್ನೇ ಆರಿಸಿ ಅಳೆದ್ರೆ ಯಾರೂ ಬಾಯಿ ಬಿಡಂಗಿಲ್ಲ. ಬೆಂಗಳೂರಿನ ಸಿ-ಕ್ಯಾಂಪ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಹೊರಗಿನವರಿಗೂ ಫೆಸಿಲಿಟಿ ಇದೆ, ರೈಲಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಡ್ರೈ ಐಸ್ ಮರೀಬೇಡಿ. ರಿಸ್ಕ್ ಏನಂದ್ರೆ ಇಷ್ಟು ಕಮ್ಮಿ ಇರೋ ಪ್ರೋಟೀನ್ ಪೂರ್ತಿ ಲೈಸೇಟಲ್ಲಿ ಸಿಗೋದು ಅನುಮಾನ, ಮೊದಲು ಆಂಟಿಬಾಡಿಯಿಂದ ಎಳೆದು ಗಟ್ಟಿ ಮಾಡ್ಕೋಬೇಕು, ಮತ್ತೆ ಒಳ್ಳೆ ಆಂಟಿಬಾಡಿ ಬೇಕು ಅನ್ನೋ ಹಂತಕ್ಕೇ ಬಂದು ನಿಲ್ತೀವಿ. ಆದ್ರೂ ಇಲ್ಲಿ ಆಂಟಿಬಾಡಿ ಸ್ವಲ್ಪ ಅಡ್ಡದಾರಿ ಹಿಡಿದ್ರೂ ಪರವಾಗಿಲ್ಲ, ಕೊನೇಲಿ ಗುರುತು ಹಿಡಿಯೋದು ಮೆಷಿನ್.

ಬರೀ ಆರ್‌ಎನ್‌ಎ (ಜೀನಿನ ನಕಲು) ನೋಡಿ ಕೈ ತೊಳ್ಕೊಳ್ಳೋಣ ಅಂದ್ರೆ ಕುರಿಯಲ್ಲೇ ಅದಕ್ಕೆ ಅಡ್ಡಿ ಇದೆ. ಟೆಕ್ಸೆಲ್ ಅಂತ ಯುರೋಪಿನ ಮಾಂಸದ ಕುರಿ, ಅದರ ಮಯೋಸ್ಟಾಟಿನ್ ಪ್ರೋಟೀನಿನ ಸೀಕ್ವೆನ್ಸಲ್ಲಿ ಏನೂ ಬದಲಾವಣೆ ಇಲ್ಲ, ಆದ್ರೆ ಜೀನಿನ ಬಾಲದಲ್ಲಿ ಒಂದಕ್ಷರ ಬದಲಾಗಿ ಮೈಕ್ರೋ ಆರ್‌ಎನ್‌ಎ (ಪ್ರೋಟೀನ್ ತಯಾರಿ ತಡೆಯೋ ಚಿಕ್ಕ ಆರ್‌ಎನ್‌ಎ) ಬಂದು ಕೂರೋಕೆ ಜಾಗ ಆಗಿದೆ, ಅದರಿಂದ ಪ್ರೋಟೀನ್ ತಯಾರಾಗೋದೇ ಕಮ್ಮಿ, ಇದು 2006ರಲ್ಲಿ ಗೊತ್ತಾಗಿದ್ದು. ಅಂಥ ಕಡೆ ಆರ್‌ಎನ್‌ಎ ಒಂದು ಹೇಳುತ್ತೆ, ಪ್ರೋಟೀನ್ ಇನ್ನೊಂದು. ಆದ್ರೂ ನಿಮ್ಮ ಕುರಿಗಳ ಜೀನಿನ ಆ ಬಾಲ ಒಂದ್ಸಲ ಸೀಕ್ವೆನ್ಸ್ ಮಾಡಿಸಿ, ಖರ್ಚು ಕಮ್ಮಿ, ಥೀಸಿಸಲ್ಲಿ ಒಂದು ಚಾಪ್ಟರ್ ಗ್ಯಾರಂಟಿ.

ಬಂಡೂರಲ್ಲಿ ಮಯೋಸ್ಟಾಟಿನ್ ಕಮ್ಮಿ ಇರ್ಬೇಕು ಅನ್ನೋ ಊಹೆನೂ ನಂಗೆ ಅಷ್ಟು ಒಪ್ಪಲ್ಲ ಕಣ್ರೀ. ಮಯೋಸ್ಟಾಟಿನ್ ಕೆಟ್ಟ ಪ್ರಾಣಿಗಳು, ಬೆಲ್ಜಿಯನ್ ಬ್ಲೂ ದನ ನೋಡಿ, ಗುಡ್ಡದಂಥ ಮೈ, ಕೊಬ್ಬು ಕಮ್ಮಿ. ನಮ್ಮ ಬಂಡೂರು ಗಿಡ್ಡ ಕುರಿ, ಅದಕ್ಕೆ ಹೆಸರು ಬಂದಿರೋದೇ ಮಾಂಸದೊಳಗಿನ ಕೊಬ್ಬಿಂದ, ಬಾಯಲ್ಲಿ ಕರಗುತ್ತೆ ಅಂತ ದುಬಾರಿ ಕೊಟ್ಟು ತಗೊಳ್ಳೋದು ಅದಕ್ಕೇ ತಾನೇ. ವ್ಯತ್ಯಾಸ ಸಿಗದೇ ಹೋದ್ರೆ ಅದನ್ನೂ ರಿಸಲ್ಟ್ ಅಂತಲೇ ಬರೀರಿ.

ನಿಮ್ಮಣ್ಣಂಗೆ ಲೆಕ್ಕ ಹಾಕಿ ತೋರಿಸಿ. ಮಯೋಸ್ಟಾಟಿನ್ ವಿರುದ್ಧದ ಔಷಧಿ ಆಂಟಿಬಾಡಿಗಳನ್ನ ಮನುಷ್ಯರ ಟ್ರಯಲಲ್ಲಿ ಕೊಟ್ಟಿರೋದು ಕೆಜಿ ತೂಕಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ. 20 ಕೆಜಿ ಮರಿಗೆ ಕೆಜಿಗೆ 10 ಮಿಲಿಗ್ರಾಂ ಅಂದ್ರೆ 200 ಮಿಲಿಗ್ರಾಂ, ನಿಮ್ಮ ಬಾಟಲಲ್ಲಿ ಇರೋದು 0.1, ಅಂದ್ರೆ 2,000 ಬಾಟಲ್, 7 ಕೋಟಿ 60 ಲಕ್ಷ, ಅದೂ ಒಂದು ಡೋಸಿಗೆ. ಲ್ಯಾಬ್ ಆಂಟಿಬಾಡಿ ಪ್ರೋಟೀನಿಗೆ ಅಂಟುತ್ತೆ ಅಷ್ಟೇ, ಅದರ ಕೆಲಸ ನಿಲ್ಲಿಸುತ್ತೆ ಅಂತ ಏನಿಲ್ಲ, ಮೇಲಿಂದ ಎಷ್ಟೋ ಬಾಟಲಲ್ಲಿ ಕೆಡದೇ ಇರ್ಲಿ ಅಂತ ಸೋಡಿಯಂ ಅಜೈಡ್ ಹಾಕಿರ್ತಾರೆ, ಅದು ವಿಷ. ಔಷಧಿ ಕಂಪನಿಗಳೇ ಇದರಲ್ಲಿ ಕೈ ಸುಟ್ಕೊಂಡಿವೆ, ಫೈಜರ್ ತನ್ನ ಆಂಟಿಬಾಡಿಯ ಡುಶೆನ್ ಸ್ನಾಯುರೋಗದ ಟ್ರಯಲನ್ನ 2018ರಲ್ಲಿ ನಿಲ್ಲಿಸ್ತು. ಸ್ವಲ್ಪ ಆಸೆ ಹುಟ್ಟಿಸಿರೋದು ಎಸ್‌ಎಂಎ ಅನ್ನೋ ನರ-ಸ್ನಾಯು ಕಾಯಿಲೆಗೆ ಅಂತ ಮಾಡಿರೋ ಅಪಿಟೆಗ್ರೊಮ್ಯಾಬ್, ಅದು ಬಿಡುಗಡೆ ಆಗೋಕೆ ಮುಂಚೆನೇ, ಪ್ರೊಪೆಪ್ಟೈಡ್ ತಬ್ಬಿಕೊಂಡಿರೋ ಹಂತದಲ್ಲೇ ಮಯೋಸ್ಟಾಟಿನನ್ನ ಹಿಡಿಯೋದು, ಹಾಗಾಗಿ ಜಿಡಿಎಫ್-11ನ ತಂಟೆಗೆ ಹೋಗಲ್ಲ. ಇನ್ನು ಬೆಲ್ಜಿಯನ್ ಬ್ಲೂ ಹಸುಗಳಲ್ಲಿ ಕರು ದಪ್ಪಗಾಗಿ ಹೆರಿಗೆಗೆ ಸಿಸೇರಿಯನ್ ಮಾಡೋದು ಮಾಮೂಲಿ ಅಂತಲೂ ಅಣ್ಣಂಗೆ ಹೇಳಿ, ಕುರಿ ಹಟ್ಟಿಯಲ್ಲಿ ರಾತ್ರಿ ಹೊತ್ತು ಅದನ್ನ ಯಾರು ಮಾಡ್ತಾರೆ ಕೇಳಿ.

ಆರು ತಿಂಗಳು ಹೋಯ್ತಾ ಅಂದ್ರಲ್ಲ, ಫ್ರೀಜರಲ್ಲಿ ಸ್ಯಾಂಪಲ್ ಇದ್ರೆ ಹೋಗಿಲ್ಲ, ಬ್ಲಾಟ್‌ಗಳು ಹೋದ್ವು ಅಷ್ಟೇ. ಮುಂದಿನ ಸಲ ಮಾಂಸ ತಂದಾಗ ಸಣ್ಣಗೆ ಕತ್ತರಿಸಿ ತಣ್ಣನೆ ಪಿಬಿಎಸಲ್ಲಿ (ಉಪ್ಪಿನ ಬಫರಲ್ಲಿ) ಎರಡ್ಮೂರು ಸಲ ಚೆನ್ನಾಗಿ ತೊಳೆದು ಫ್ರೀಜ್ ಮಾಡಿ. ಸೋಮವಾರ ಪ್ರೈಮರಿ ಇಲ್ಲದ ಬ್ಲಾಟ್ ಹಾಕಿ, ಗೈಡ್ ಹತ್ರ ವಾದ ಮಾಡೋಕೆ ಹೋಗ್ಬೇಡಿ, ಮೆಂಬ್ರೇನನ್ನೇ ಅವರ ಟೇಬಲ್ ಮೇಲೆ ಇಡಿ. ನಂಗೂ ಒಂದು ಫೋಟೋ ಕಳಿಸಿ, ಕತ್ತರಿಸದೆ, ಲ್ಯಾಡರ್ (ತೂಕದ ಅಳತೆಪಟ್ಟಿ) ಸಮೇತ.